ಒಂದು ಬ್ರಷ್ಷಿನ ಜೀರ್ಣೋದ್ಧಾರ

ಅಂಚೆಚೀಟಿ ಕೂಡಿಹಾಕುವವರನ್ನು ಲೋಕ ಮೆಚ್ಚುತ್ತದೆ. ಹೂತೋಟ ಬೆಳೆಸುವವರನ್ನು ಹೊಗಳುತ್ತದೆ. ಕ್ಷೌರದ ಬ್ರಷ್ಷು ದುರಸ್ತಿ ಮಾಡುವವನನ್ನು ಮಾತ್ರ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡುತ್ತದೆ. ಆಫೀಸಿನಲ್ಲಿ ನನ್ನ ಈ ಹುಚ್ಚಿನ ಸುದ್ದಿ ಹರಡಿದ ದಿನ, ಸಂಬಳ ಸಾಲದೆ ಹೋಯಿತೇ ಎಂದು ಕೇಳಿದ ಮಿತ್ರರೂ ಇದ್ದರು. ಸಂಬಳದ ಮಾತು ಹಾಗಿರಲಿ. ನಾನು ಈ ಹವ್ಯಾಸಕ್ಕೆ ಬಿದ್ದದ್ದು ಹೇಗೆ, ಅದರಿಂದ ಕಲಿತದ್ದೇನು ಎಂಬುದನ್ನು ನಮ್ಮ ಸಂಘದ ಬಂಧುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಬಜಾಜ್ ನಗರದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ೧೯೭೮ರಲ್ಲಿ ಅಪ್ಪ ಹಾಸನದ ಕಡೆಯಿಂದ ಕೆಲಸಕ್ಕೆಂದು ನಾಗಪುರಕ್ಕೆ ಬಂದಾಗ ತಂದದ್ದು. ಅವರು ತೀರಿಕೊಂಡ ಮೇಲೆ ಅವರ ಕನ್ನಡಕ, ಪೆನ್ನು, ಕ್ಷೌರದ ಸಾಮಾನು ಎಲ್ಲವನ್ನೂ ಅಮ್ಮ ಅದರಲ್ಲಿಟ್ಟು ಮುಚ್ಚಿದ್ದಳು. ಮೂರು ವರ್ಷದ ಹಿಂದೆ ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ತೆಗೆದು ನೋಡಿದರೆ, ಬ್ರಷ್ಷಿನ ಕೂದಲು ಅರ್ಧಕ್ಕರ್ಧ ಉದುರಿತ್ತು. ಬೀಟೆ ಮರದ ಹಿಡಿ ಉದ್ದಕ್ಕೆ ಸೀಳಿತ್ತು. ಆಶ್ಚರ್ಯವೇನೂ ಇಲ್ಲ. ಮೇ ತಿಂಗಳಲ್ಲಿ ೪೫ ಡಿಗ್ರಿ ದಾಟುವ ಊರು ನಮ್ಮದು. ಆ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಜುಲೈ ಮಳೆಗೆ ತೇವ ಹೀರಿ ಹಿಗ್ಗುತ್ತದೆ. ವರ್ಷ ವರ್ಷವೂ ಹೀಗೆ ಎಳೆದಾಡಿಸಿಕೊಂಡರೆ ಬೀಟೆಯೂ ಬಾಯಿ ಬಿಡುತ್ತದೆ.

ಅಪ್ಪ ಈ ಬ್ರಷ್ಷನ್ನು ಎಂದೂ ಬಚ್ಚಲುಮನೆಯಲ್ಲಿ ಇಟ್ಟವರಲ್ಲ. ಕ್ಷೌರ ಮುಗಿದೊಡನೆ ತೊಳೆದು, ಕೊಡವಿ, ಹಿತ್ತಿಲ ಕಿಟಕಿಯ ಹೊರಗಿನ ಚಾಚುಗಲ್ಲಿನ ಮೇಲೆ ಇಡುತ್ತಿದ್ದರು. ಮಳೆ ಬಂದರೆ ಕಿಟಕಿಯ ಒಳಮೂಲೆಗೆ ಬರುತ್ತಿತ್ತೇ ಹೊರತು ಬಚ್ಚಲಿಗಿಲ್ಲ. ಗಾಳಿಗೆ ಬೇಗ ಒಣಗಲೆಂದು ಹಾಗೆ ಮಾಡುತ್ತಾರೆಂದೇ ನಾನು ತಿಳಿದಿದ್ದೆ.

“ಇದನ್ನು ಸರಿಮಾಡುತ್ತೇನೆ” ಎಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಸರಿಯಾದರೆ ಸಂತೋಷ ಕಣೋ. ಹಾಳಾಗುವುದಾದರೆ ಮುಟ್ಟಬೇಡ, ಹೀಗೇ ಇರಲಿ” ಎಂದಳು. ಜೀರ್ಣೋದ್ಧಾರಕ್ಕೆ ಹೊರಟವನು ಮೂರ್ತಿಯನ್ನೇ ಭಗ್ನಮಾಡಬಾರದಲ್ಲ! ನಾನು ಹೆದರಿಕೊಂಡೇ ಕೈ ಹಾಕಿದೆ.

ಬ್ರಷ್ಷಿಗೆ ಇರುವುದು ಎರಡೇ ಅಂಗ: ಹಿಡಿ ಮತ್ತು ಕುಚ್ಚು. ಹಿಡಿಯ ತಲೆಯಲ್ಲೊಂದು ಗುಳಿ. ಆ ಗುಳಿಯಲ್ಲಿ ಅಂಟು ಹಾಕಿ ಕೂರಿಸಿದ ಕೂದಲಿನ ಕಟ್ಟೇ ಕುಚ್ಚು. ಹಿಡಿ ಒಳ್ಳೆಯ ಮರದ್ದಾದರೆ ಎರಡು ಮೂರು ತಲೆಮಾರು ಬಾಳೀತು. ಕುಚ್ಚು ಸವೆಯುವ ವಸ್ತು. ಸವೆದ ಕುಚ್ಚನ್ನು ಕಿತ್ತು ಹೊಸದನ್ನು ಕೂರಿಸುವುದೇ ಈ ವಿದ್ಯೆಯ ಸಾರ.

ಕುಚ್ಚಿನಲ್ಲಿ ಜಾತಿಗಳುಂಟು. ಶೀತದೇಶಗಳಲ್ಲಿ ಮೊದಲಿನಿಂದ ಬೆಲೆ ಬಂದದ್ದು ಬ್ಯಾಜರ್ ಎಂಬ ಪ್ರಾಣಿಯ ಕೂದಲಿಗೆ; ನಮ್ಮ ತರಕರಡಿಗೆ ಅದು ದೂರದ ನೆಂಟ. ಫ್ರೆಂಚರಂತೂ ಪ್ರಾಣಿಗೂ ಕ್ಷೌರದ ಬ್ರಷ್ಷಿಗೂ ‘ಬ್ಲೆರೋ’ ಎಂಬ ಒಂದೇ ಹೆಸರಿಟ್ಟಿದ್ದಾರೆ. ಅದು ಎಟುಕದವರಿಗೆ ಹಂದಿಯ ಕೂದಲು, ಕುದುರೆಯ ಕೂದಲು. ೧೯೩೮ರಲ್ಲಿ ಅಮೆರಿಕದಲ್ಲಿ ನೈಲಾನು ಮೊದಲು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ ಮಾರುಕಟ್ಟೆಗೆ ಬಂತು. ಅದರ ವಂಶದ ನಯವಾದ ಕೃತಕ ಎಳೆಗಳು ಈಗ ಕ್ಷೌರದ ಬ್ರಷ್ಷಿನಲ್ಲೂ ಸಿಗುತ್ತವೆ.

ಅಪ್ಪನ ಬ್ರಷ್ಷು ಯಾವ ಜಾತಿಯದು? ಪರೀಕ್ಷೆ ಸುಲಭ. ಉದುರಿದ ಒಂದು ಕೂದಲನ್ನು ಬೆಂಕಿಗೆ ಹಿಡಿಯಬೇಕು. ಕೃತಕ ಎಳೆಯಾದರೆ ಕರಗಿ ಮಣಿಗಟ್ಟುತ್ತದೆ. ಪ್ರಾಣಿಯದಾದರೆ ಸುಟ್ಟ ಕೂದಲಿನ ವಾಸನೆ ಬಂದು ಬೂದಿಯಾಗುತ್ತದೆ. ವಾಸನೆ ಬಂತು. ಬಳಿಕ ಭೂತಗನ್ನಡಿಯಲ್ಲಿ ನೋಡಿದೆ: ಒರಟು ಕೂದಲು, ತುದಿ ಎರಡು ಮೂರಾಗಿ ಸೀಳಿದೆ. ಇದು ಹಂದಿಯ ಕೂದಲಿನ ಲಕ್ಷಣ. ನನ್ನ ಎದೆ ಧಸಕ್ಕೆಂದಿತು. ದಿನವೂ ಸ್ನಾನ, ಸಂಧ್ಯಾವಂದನೆ ಎಂದಿದ್ದ ಅಪ್ಪ ಇಷ್ಟು ವರ್ಷ ಕೆನ್ನೆಗೆ ತಿಕ್ಕಿಕೊಂಡದ್ದು ಇದನ್ನೇ! ಅಮ್ಮನಿಗೆ ಹೇಳುವುದೆಂತು? ಅವರ ನೆನಪಿಗೆ ಒಂದು ಕಳಂಕ ಹಚ್ಚಿದಂತಾದೀತೆಂದು ಬಾಯಿಮುಚ್ಚಿಕೊಂಡು ಕೆಲಸ ಮುಂದುವರಿಸಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳೆಯ ಕೂದಲನ್ನು ತೊಳೆದು ಮತ್ತೆ ಬಳಸೋಣವೆಂಬ ಉಳಿತಾಯ ಬೇಡ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ಯಾಜರ್ ಕೂದಲು ದುರ್ಲಭವಾಗಿ, ಕುದುರೆಯ ಕೂದಲನ್ನೇ ಅದರಂತೆ ತೋರಿಸಿ ಬ್ರಷ್ಷು ಮಾಡಿದರು. ಸರಿಯಾಗಿ ಶುದ್ಧಿಮಾಡದ ಆ ಕೂದಲಿನಲ್ಲಿ ದನಕುದುರೆಗಳಿಗೆ ಬರುವ ಆಂಥ್ರಾಕ್ಸ್ ರೋಗದ ಬೀಜವಿತ್ತು. ಕ್ಷೌರದ ಗೀರುಗಾಯದ ಮೂಲಕ ಅದು ಹೊಕ್ಕು, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಸೈನಿಕರೂ ನಾಗರಿಕರೂ ರೋಗಕ್ಕೆ ತುತ್ತಾದರು, ಕೆಲವರು ಸತ್ತರು. ಬ್ರಿಟನ್ ೧೯೨೦ರಲ್ಲಿ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಆ ಬೀಜಗಳು ಬಹುಕಾಲ ಬದುಕಬಲ್ಲವು. ಆದ್ದರಿಂದ, ವಿಶೇಷವಾಗಿ ಗುಜರಿಯಲ್ಲಿ ಸಿಕ್ಕ ಬ್ರಷ್ಷಾದರೆ, ಕುಚ್ಚನ್ನು ಕಿತ್ತೊಗೆಯುವುದೇ ಲೇಸು.

ಈಗ ಕೆಲಸದ ಕ್ರಮ. ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಅಂಟು ಸಡಿಲವಾಗಲೆಂದು ಕುದಿಯುವ ನೀರಿನ ಹಬೆಗೆ ಹಿಡಿಯನ್ನು ಒಡ್ಡಿದೆ. ಅಂಟು ಬಿಡಲಿಲ್ಲ, ಕೂದಲೆಳೆಯಷ್ಟಿದ್ದ ಸೀಳು ಉಗುರು ತೂರುವಷ್ಟು ಅಗಲವಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅಮ್ಮ ಕೇಳಿದಾಗ “ಒಣಗುತ್ತಿದೆ” ಎಂದೆ, ಸುಳ್ಳೇನೂ ಅಲ್ಲ. ಒಂದು ವಾರ ನೆರಳಿನಲ್ಲಿ ಒಣಗಿಸಿದ ಮೇಲೆ ಸೀಳು ಸ್ವಲ್ಪ ಕೂಡಿಕೊಂಡಿತು. ಬೀಟೆಯ ಪುಡಿಯನ್ನು ಅರಾಲ್ಡೈಟಿನಲ್ಲಿ ಕಲಸಿ ಸೀಳಿಗೆ ತುಂಬಿ, ದಾರ ಬಿಗಿದು ಕಟ್ಟಿ ಒಂದು ದಿನ ಬಿಟ್ಟೆ. ಉಜ್ಜಿದ ಮೇಲೆ ಉಳಿದದ್ದು ಒಂದು ಕಪ್ಪು ಗೆರೆ ಮಾತ್ರ.

ಸರಿಯಾದ ದಾರಿ ಇದು. ಹಳೆಯ ಕುಚ್ಚನ್ನು ಬುಡಕ್ಕೆ ಕತ್ತರಿಸಿ, ಉಳಿದ ಅಂಟನ್ನು ಸಣ್ಣ ಬೈರಿಗೆಯಿಂದ ಸುತ್ತಲೂ ತೂತು ಕೊರೆದು, ಉಳಿಯಿಂದ ಚೂರು ಚೂರಾಗಿ ಎಬ್ಬಿಸಬೇಕು. ಆತುರ ಕೂಡದು. ಗುಳಿ ಕುಚ್ಚಿನ ಬುಡಕ್ಕಿಂತ ಅರ್ಧದಿಂದ ಒಂದು ಮಿಲಿಮೀಟರು ಅಗಲವಿರಲಿ. ಅಂಟಿಗೆ ಅಷ್ಟು ಜಾಗ ಬೇಕು. ಗುಳಿಯ ಆಳವೇ ಬ್ರಷ್ಷಿನ ಸ್ವಭಾವವನ್ನು ತೀರ್ಮಾನಿಸುತ್ತದೆ: ಕುಚ್ಚು ಆಳಕ್ಕೆ ಇಳಿದರೆ ಬ್ರಷ್ಷು ಗಡುಸು, ಮೇಲೆ ನಿಂತರೆ ಮೆತ್ತಗೆ. ಅಂಟು ಹಾಕುವ ಮುನ್ನ ಹಾಗೆಯೇ ಇಟ್ಟು ನೋಡಿ ಎತ್ತರ ಗೊತ್ತುಮಾಡಿಕೊಳ್ಳಬೇಕು. ಹಿಡಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರಸಿ, ದಿನಗಟ್ಟಲೆ ಒಣಗಿಸಿದರೆ ಸಾಕು. ಎಣ್ಣೆ ಒರಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಇಡಬೇಡಿ. ಅದಕ್ಕೆ ತಾನಾಗಿಯೇ ಬೆಂಕಿ ಹತ್ತುವುದುಂಟು. ನೀರಿನಲ್ಲಿ ನೆನೆಸಿ, ಹರಡಿ ಒಣಹಾಕಿ.

ಎಲ್ಲ ಸಿದ್ಧವಾಯಿತು. ಅಂಚೆಯಲ್ಲಿ ಎರಡು ಕುಚ್ಚು ತರಿಸಿದ್ದೆ: ಒಂದು ಹಂದಿಯ ಕೂದಲಿನದು, ಒಂದು ಕೃತಕ ಎಳೆಯದು. ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದೆ. ಅಮ್ಮ ಬಂದಳು. ಇನ್ನು ಮುಚ್ಚಿಡಲಾರದೆ ವಿಷಯ ಹೇಳಿಬಿಟ್ಟೆ.

ಅಮ್ಮ ನಕ್ಕಳು. “ಅವರಿಗೆ ಗೊತ್ತಿತ್ತು. ಈ ಊರಿಗೆ ಬಂದ ಹೊಸದರಲ್ಲಿ ಸೀತಾಬರ್ಡಿಯಲ್ಲಿ ಕೊಂಡ ಬ್ರಷ್ಷು. ಕೈಯಲ್ಲಿದ್ದ ಹಣಕ್ಕೆ ಅದೇ ಸಿಕ್ಕಿತು. ನಿಮ್ಮ ತಾತ ಬಂದು ತಿಂಗಳುಗಟ್ಟಲೆ ಇರುತ್ತಿದ್ದರಲ್ಲ, ಅವರ ಮಡಿನೀರು ಇರುವ ಬಚ್ಚಲಿನಲ್ಲಿ ಅದು ಬೇಡವೆಂದು ಕಿಟಕಿಯ ಹೊರಗೆ ಇಡುತ್ತಿದ್ದರು. ತಾತನಿಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ತಾತ ಹೋದ ಮೇಲೂ ಅಭ್ಯಾಸ ತಪ್ಪಲಿಲ್ಲ.”

ಗಾಳಿಗೆ ಒಣಗುವ ಬ್ರಷ್ಷು ಬಹುಕಾಲ ಬಾಳುತ್ತದೆ ಎಂಬುದು ಈ ಕಸುಬಿನ ಮೊದಲ ಪಾಠ. ಅಪ್ಪ ಅದನ್ನು ಪಾಲಿಸಿದ್ದು ತಾತನ ಮೇಲಿನ ಮರ್ಯಾದೆಯಿಂದ!

“ಈಗ ಯಾವುದನ್ನು ಹಾಕಲಿ?” ಎಂದೆ.

“ಹಿಡಿ ಅವರದು, ಗಡ್ಡ ನಿನ್ನದು. ನಿನಗೆ ಯಾವುದು ಒಗ್ಗುತ್ತದೋ ಅದನ್ನು ಹಾಕಿಕೋ” ಎಂದಳು. ನಾನು ಕೃತಕ ಎಳೆಯದನ್ನೇ ಕೂರಿಸಿದೆ. ನಾಗಪುರದ ಮಳೆಗಾಲದಲ್ಲೂ ಅದು ಬೇಗ ಒಣಗುತ್ತದೆ. ಕಿತ್ತ ಹಳೆಯ ಕೂದಲನ್ನು ಗಿಡದ ಬುಡಕ್ಕೆ ಹಾಕಲು ಹೊರಟಾಗ ಅಮ್ಮ ಕೂಗಿದಳು: “ತುಳಸಿಗೆ ಬೇಡವೋ, ಕರಿಬೇವಿಗೆ ಹಾಕು!”

ಹಳೆಯದನ್ನು ಸರಿಮಾಡಿದವನಿಗೆ ಹೊಸದನ್ನು ಮಾಡುವ ಆಸೆ ಹುಟ್ಟುವುದು ಸಹಜ. ನನ್ನಲ್ಲಿ ಮರ ಕಡೆಯುವ ಲೇತ್ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ, ಬೆಂಗಳೂರು-ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಇಳಿದು, ಬೊಂಬೆ ಮಾಡುವ ಹಿರಿಯರೊಬ್ಬರಿಂದ ಎರಡು ಹಿಡಿ ಕಡೆಸಿಕೊಂಡೆ. ಬಿಳಿಯ ಆಲೆ ಮರ ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಒಣಗಿದ ಕೇದಗೆಯ ಗರಿ ಒತ್ತಿದೊಡನೆ ಕನ್ನಡಿಯ ಹೊಳಪು. ನೋಡುತ್ತ ನಿಂತರೆ ಬಸ್ಸು ತಪ್ಪುವುದೂ ತಿಳಿಯದು. ಆ ಹಿರಿಯರು ಹಣ ಎಣಿಸಿಕೊಳ್ಳುತ್ತ, “ಬಿಸಿನೀರಿಗೆ ಅರಗು ಆಗದು ಸಾರ್” ಎಂದಿದ್ದರು. ನಾನು ಕೇಳಲಿಲ್ಲ. ತಿಂಗಳೊಳಗೆ ಕೆಂಪು ಹಿಡಿಯ ಮೇಲೆ ಬಿಳಿ ಮಚ್ಚೆಗಳೆದ್ದವು. ಎರಡನೆಯದನ್ನು ನೀರಿಗೆ ಅದ್ದದೆ, ಕುಚ್ಚಿನ ತುದಿಯನ್ನಷ್ಟೇ ನೆನೆಸಿ ಬಳಸುತ್ತಿದ್ದೇನೆ, ಇನ್ನೂ ಹೊಳೆಯುತ್ತಿದೆ.

ಇನ್ನೊಂದು ಮಾತು. ಪೆಂಚ್, ತಾಡೋಬಾ ಕಾಡುಗಳು ನಮಗೆ ಹತ್ತಿರ. ಜಿಂಕೆಯ ಕೊಂಬಿನ ಹಿಡಿ ಚೆಂದವೆಂದು ಯಾರಾದರೂ ಕೊಂಬು ತಂದುಕೊಟ್ಟರೆ ಮುಟ್ಟಬೇಡಿ. ತಾನಾಗಿ ಉದುರಿದ್ದಾದರೂ ಸರಿ. ದಂತ, ಜಿಂಕೆಯ ಕೊಂಬು, ಚಿತ್ರದ ಕುಂಚಕ್ಕೆ ಬಳಸುವ ಮುಂಗುಸಿಯ ಕೂದಲು, ಇವೆಲ್ಲದರ ವ್ಯಾಪಾರ ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಆಲೆ, ಬೀಟೆ, ತೇಗ ಇರುವ ನಾಡಿನವರಿಗೆ ಕೊಂಬಿನ ಹಂಗೇಕೆ?

ಅಪ್ಪನ ಬ್ರಷ್ಷು ಈಗ ನನ್ನ ಕೈಯಲ್ಲಿದೆ. ಅವರ ಹೆಬ್ಬೆರಳು ಸವೆಸಿದ ತಗ್ಗಿನಲ್ಲಿ ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತದೆ. ಬಚ್ಚಲಿನಲ್ಲಿ ಮಡಿನೀರು ಇಡುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಆದರೂ ಬ್ರಷ್ಷನ್ನು ತೊಳೆದು, ಕೊಡವಿ, ಕಿಟಕಿಯ ಹೊರಗೇ ಇಡುತ್ತೇನೆ. ಅಮ್ಮ ಬೆಳಿಗ್ಗೆ ಆ ಕಡೆ ಹೋದಾಗ ಒಮ್ಮೆ ನೋಡಿ ಮುಂದೆ ಹೋಗುತ್ತಾಳೆ.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಇದ್ದರೆ ಎಸೆಯಬೇಡಿ. ಮುಂದಿನ ಸಂಘದ ಕೂಟಕ್ಕೆ ಬರುವಾಗ ಜೇಬಿನಲ್ಲಿ ಹಾಕಿಕೊಂಡು ಬನ್ನಿ. ಕೂಲಿ ಬೇಡ, ಒಂದು ಲೋಟ ಕಾಫಿ ಸಾಕು. ಹಬೆಗೆ ಹಿಡಿಯುವುದಿಲ್ಲವೆಂದು ಮಾತು ಕೊಡುತ್ತೇನೆ.