ಹೇಗೆ ಸತ್ತ ಎಂಬುದನ್ನೂ ಕೆತ್ತುವ ಕಲ್ಲು

ವೀರಗಲ್ಲನ್ನು ಬುಡದಿಂದ ಓದಬೇಕು. ತುದಿಯಲ್ಲಿ ಶಿವಲಿಂಗ, ಅದರೆದುರು ಕೈಮುಗಿದು ಕೂತ ವೀರ, ಪಕ್ಕದಲ್ಲಿ ಪೂಜಾರಿ, ನೆತ್ತಿಗೆ ಸೂರ್ಯ ಚಂದ್ರ. ನಡುವಿನ ಪಟ್ಟಿಕೆಯಲ್ಲಿ ಅವನನ್ನು ಇಕ್ಕೆಲಗಳಲ್ಲಿ ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು. ಈ ಎರಡು ಪಟ್ಟಿಕೆಗಳು ಹೆಚ್ಚುಕಡಿಮೆ ಎಲ್ಲ ಕಲ್ಲುಗಳಲ್ಲೂ ಒಂದೇ ಬಗೆ. ಕೆಳಗಿನದು ಮಾತ್ರ ಆ ಒಬ್ಬನಿಗೇ ಸೇರಿದ್ದು. ಅಲ್ಲಿ ದನಗಳ ಸಾಲಿದ್ದರೆ ತುರುಗೋಳಿನಲ್ಲಿ, ಊರಿನ ಹಸುಗಳನ್ನು ಬಿಡಿಸಿ ತರಲು ಹೋಗಿ ಸತ್ತವನು. ಹೆಂಗಸಿನ ಆಕೃತಿಯಿದ್ದರೆ ಪೆಣ್ಬುಯ್ಯಲಿನಲ್ಲಿ, ಹೆಣ್ಣುಮಕ್ಕಳ ಮಾನ ಕಾಯಲು ನಿಂತವನು. ಹಂದಿಯೋ ಹುಲಿಯೋ ಇದ್ದರೆ ಬೇಟೆಯಲ್ಲಿ ಹೋದವನು. ಕುದುರೆಯ ಮೇಲಿನವನ ಭರ್ಜಿ, ಮೈಗೆ ನೆಟ್ಟ ಬಾಣ, ಕಾಲಡಿಗೆ ಬಿದ್ದ ಹಗೆ, ಎಲ್ಲವೂ ಆ ಒಂದು ಮೊಳ ಜಾಗದಲ್ಲಿ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಇಂಥ ಕಲ್ಲು ನೋಡಲು ದೂರ ಹೋಗಬೇಕಿಲ್ಲ. ದೇವಸ್ಥಾನದ ಅಂಗಳ, ಕೆರೆ ಏರಿ, ಅಡಿಕೆ ತೋಟದ ಅಂಚು, ಕಾನಿನೊಳಗಿನ ಚೌಡಿ ಬನ, ಎಲ್ಲಾದರೂ ಒಂದು ನಿಂತಿರುತ್ತದೆ, ಇಲ್ಲವೇ ಮಗುಚಿ ಬಿದ್ದಿರುತ್ತದೆ. ಪಾಚಿ ಕಟ್ಟಿ ಮುಖ ಅಳಿದಿದ್ದರೂ ಊರವರು ಹಬ್ಬಕ್ಕೊಮ್ಮೆ ಕುಂಕುಮ ಹಚ್ಚುತ್ತಾರೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ ಪೂರ್ತಿ ಈ ಸೀಮೆಯದೇ: ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಅಲ್ಲಿ ನಗರ ಎಂದಿರುವುದು ಇಂದಿನ ಹೊಸನಗರ ತಾಲ್ಲೂಕು. ಸಂಪುಟದ ಹಾಳೆ ಮಗುಚುತ್ತಾ ಹೋದರೆ ಅರಸರ ದಾನ, ಬಸದಿಗೆ ಬಿಟ್ಟ ಭೂಮಿ, ಮಠದ ಮರ್ಯಾದೆಗಳ ನಡುನಡುವೆ ಯಾವುದೋ ಹಳ್ಳಿಯ ಯಾರದೋ ಮಗ ಕಾದಿ ಸತ್ತ ಸಂಗತಿ ಎದುರಾಗುತ್ತದೆ. ಯಾರ ಆಳ್ವಿಕೆ, ಯಾವ ಸಂವತ್ಸರ, ಯಾರು ಮೇಲೆ ಬಿದ್ದರು, ಇವನು ಹೇಗೆ ಇರಿದ, ಕಲ್ಲು ನಿಲ್ಲಿಸಿದವರು ಯಾರು. ಇಷ್ಟಕ್ಕೆ ಕೆಲವೊಮ್ಮೆ ಐದಾರು ಸಾಲು ಸಾಕು.

ಸಾಂತರರ ರಾಜಧಾನಿಯಾಗಿದ್ದ ಹುಂಚ ಹೊಸನಗರ ತಾಲ್ಲೂಕಿನಲ್ಲಿದೆ. ಜೈನರ ನಾಡಿನಲ್ಲಿ ಮೇಲಿನ ಪಟ್ಟಿಕೆಯ ಲಿಂಗದ ಜಾಗದಲ್ಲಿ ಜಿನ ಬರುವುದುಂಟು. ಸಲ್ಲೇಖನದಿಂದ ಮುಡಿಪಿದವರಿಗೆ ನಿಸಿದಿಗಲ್ಲು ಬೇರೆ. ಗಂಡನ ಹಿಂದೆ ಹೋದವಳಿಗೆ ಮಾಸ್ತಿಕಲ್ಲು. ಸತಿ ಪದ್ಧತಿಯನ್ನು ಇಂದು ಯಾರೂ ಒಪ್ಪಲಾರರು, ಆ ಕಲ್ಲುಗಳ ಮುಂದೆ ನಿಂತರೆ ಸಂಕಟವಾಗುತ್ತದೆ. ಆದರೆ ಸತ್ತವರನ್ನು ಬಗೆಬಗೆಯಾಗಿ ವಿಂಗಡಿಸಿ, ಯಾರು ಯಾವ ರೀತಿ ಹೋದರೆಂದು ಗುರುತಿಟ್ಟ ಶ್ರದ್ಧೆ ದೊಡ್ಡದು.

ಕಲ್ಲು ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂದೆಲ್ಲ ಹೆಸರು. ಇಂದಿನ ಕುಟುಂಬ ಪಿಂಚಣಿಯ ಹಿಂದೆ ಇರುವ ಹೊಣೆಯೇ ಅದರ ಹಿಂದೆಯೂ ಇತ್ತು. ಕಲ್ಲು ನಿಲ್ಲುತ್ತಿದ್ದುದು ಮನುಷ್ಯರಿಗೆ ಮಾತ್ರವಲ್ಲ. ಮಂಡ್ಯ ಸೀಮೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಕಾಳಿ ಎಂಬ ಬೇಟೆನಾಯಿಯದು. ಕಾಳಿ ಹಂದಿಯ ಮೇಲೆ ಬಿದ್ದಿತು, ಕಾದಾಡಿ ಎರಡೂ ಸತ್ತವು. ನಾಯಿಯ ಕಲ್ಲಿನಲ್ಲೂ ಅದು ಹೇಗೆ ಸತ್ತಿತೆಂದು ಬಿಡದೆ ಕೆತ್ತಿದ್ದಾರೆ. ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ ಮೊದಲಾದ ವಿದ್ವಾಂಸರು ಈ ಕಲ್ಲುಗಳಿಂದ ಕನ್ನಡ ನಾಡಿನ ಸಾಮಾನ್ಯರ ಚರಿತ್ರೆಯನ್ನು ಹೆಕ್ಕಿ ತೆಗೆಯಲು ಆದದ್ದೇ ಹೀಗೆ ವಿವರ ಕೆತ್ತಿಟ್ಟಿದ್ದರಿಂದ.

ಕೆಳಗಿನ ಪಟ್ಟಿಕೆ ಕೆತ್ತಲು ಕಂಡವರು ಬೇಕು. ತುರುಗೋಳಿನ ಕಾಳಗ ನಡೆಯುತ್ತಿದ್ದುದು ಊರ ಗಡಿಯಲ್ಲಿ; ಜೊತೆಗೆ ಹೋದವರಲ್ಲಿ ಯಾರಾದರೊಬ್ಬ ಬದುಕಿ ಬಂದು ಹೇಳುತ್ತಿದ್ದ. ತಮ್ಮನೋ ಮಗನೋ ಅದನ್ನು ಕೇಳಿಕೊಂಡು ಕಲ್ಲುಕುಟಿಗನಲ್ಲಿಗೆ ಹೋಗುತ್ತಿದ್ದ. ಆಕಾಶದಲ್ಲಿ, ಶತ್ರುವಿನ ನೆಲದ ಮೇಲೆ, ಒಬ್ಬನೇ ಕೂತು ಓಡಿಸುವ ವಿಮಾನದಲ್ಲಿ ಸತ್ತವನನ್ನು ಕಂಡವರು ಯಾರು? ಈ ಪ್ರಶ್ನೆ ಕನ್ನಡ ನಾಡಿನ ಒಬ್ಬ ಪೈಲಟ್‌ನ ವಿಷಯದಲ್ಲಿ ಹದಿನಾಲ್ಕು ವರ್ಷ ಉತ್ತರವಿಲ್ಲದೆ ಉಳಿದಿತ್ತು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಗೆಳೆಯರು ಪ್ರೀತಿಯಿಂದ ಕರೆಯುತ್ತಿದ್ದುದು ಟಬ್ಬಿ ಎಂದು. 1965ರಲ್ಲಿ ಅವರು ಹೊಸ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ತರಬೇತುದಾರರಾಗಿದ್ದರು. ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದೊಡನೆ ಯುದ್ಧ ಹತ್ತಿಕೊಂಡಿತು. ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಅವರನ್ನು ಕಳಿಸಿದರು. ಫ್ರಾನ್ಸ್‌ನಿಂದ ತರಿಸಿದ ಮಿಸ್ಟೇರ್ ವಿಮಾನಗಳ ದಳ ಅದು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ದಾಳಿ ಮಾಡಿದವು. ಮರುದಿನ ನಸುಕಿನಲ್ಲೇ ಸರ್ಗೋಧಾ ನೆಲೆಗೆ ಹೊಡೆಯಬೇಕೆಂಬ ಆದೇಶ ಆದಂಪುರಕ್ಕೆ ಬಂತು. ಸರ್ಗೋಧಾ ಪಾಕಿಸ್ತಾನದ ವಾಯುಪಡೆಯ ದೊಡ್ಡ ಕೋಟೆ. ಮಿಸ್ಟೇರ್ ಹೋಗಿ ಬರಬಲ್ಲ ದೂರದ ಕೊನೆಯ ಅಂಚಿನಲ್ಲಿತ್ತು ಅದು. ಮಧ್ಯೆ ಕಾದಾಟಕ್ಕೆ ನಿಂತರೆ ಮರಳಲು ಇಂಧನ ಸಾಲದು. ಸ್ಕ್ವಾಡ್ರನ್‌ನ ಮುಖ್ಯಸ್ಥ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರೇ ಮುಂದಾಳಾಗಿ ಹನ್ನೆರಡು ವಿಮಾನಗಳ ತಂಡ ಸಿದ್ಧವಾಯಿತು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬಲು ಕಾದಿರಿಸಿದವರಲ್ಲಿ ಅವರೊಬ್ಬರು.

ಬೆಳಕು ಹರಿಯುವ ಮುನ್ನ, ರೇಡಿಯೊದಲ್ಲಿ ಮಾತೇ ಆಡದೆ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರುತ್ತಾ ಹೋದ ದಾಳಿ ಅದು. ತಂಡದಲ್ಲಿ ಒಂದು ಜಾಗ ಖಾಲಿಯಾದದ್ದೇ ದೇವಯ್ಯ ಸೇರಿಕೊಂಡರು. ದಾಳಿ ಮುಗಿಸಿ ಉಳಿದವರು ಆದಂಪುರಕ್ಕೆ ಮರಳಿದರು. ದೇವಯ್ಯ ಬರಲಿಲ್ಲ. ಏನಾಯಿತೆಂದು ಕಂಡವರು ತಂಡದಲ್ಲಿ ಒಬ್ಬರೂ ಇರಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು, ಮುಂದೆ ಮಡಿದವರ ಪಟ್ಟಿಗೆ. ಅವರಿಗಾಗ ಮೂವತ್ತೆರಡು ವರ್ಷ. ಪತ್ನಿ ಸುಂದರಿ ದೇವಯ್ಯನವರಿಗೆ ಸಿಕ್ಕಿದ್ದು ಅಷ್ಟೇ ಸುದ್ದಿ.

ನಡೆದದ್ದನ್ನು ಬಲ್ಲವನೊಬ್ಬ ಇದ್ದ, ಆದರೆ ಅವನು ಗಡಿಯ ಆಚೆಯವನು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅಂದು ಹಾರಿಸುತ್ತಿದ್ದುದು ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡರಷ್ಟು ವೇಗದ ವಿಮಾನ. ಮಿಸ್ಟೇರ್ ಅದರ ಅರ್ಧ ವೇಗಕ್ಕೂ ಏದುಸಿರು ಬಿಡುವಂಥದು. ಮರಳುವ ದಾರಿಯಲ್ಲಿದ್ದ ಮಿಸ್ಟೇರ್‌ನ ಬೆನ್ನುಹತ್ತಿದ ಅಮ್ಜದ್ ಮೊದಲು ಕ್ಷಿಪಣಿ ಬಿಟ್ಟರು, ಗುರಿ ತಪ್ಪಿತು. ಆಮೇಲೆ ತೋಪಿನಿಂದ ಹೊಡೆದರು, ಪೆಟ್ಟು ಬಿತ್ತು. ಕೆಲಸ ಮುಗಿಯಿತೆಂದು ಮುಂದೆ ಹೋದವರ ಮೇಲೆ ಆ ಪೆಟ್ಟು ತಿಂದ ವಿಮಾನವೇ ತಿರುಗಿ ಬಿತ್ತು. ವೇಗದಲ್ಲಿ ಸೋಲುವ ಮಿಸ್ಟೇರ್‌ಗೆ ಒಂದು ಗುಣವಿದೆ, ಅದು ಕಿರಿದಾದ ಸುತ್ತಿನಲ್ಲಿ ತಿರುಗಬಲ್ಲದು. ಅದನ್ನು ಹಿಂಬಾಲಿಸಲು ಸ್ಟಾರ್‌ಫೈಟರ್ ವೇಗ ಇಳಿಸಬೇಕು, ಇಳಿಸಿದರೆ ಅದರ ಬಲವೇ ಹೋಯಿತು. ಎಷ್ಟೋ ಹುಡುಗರಿಗೆ ಹಾರಾಟ ಕಲಿಸಿದ ಕೈಗೆ ಇದು ಗೊತ್ತಿಲ್ಲದೆ ಇದ್ದೀತೆ? ದೇವಯ್ಯನವರ ಗುಂಡು ತಗುಲಿ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದ್ ಹೊರಗೆ ಚಿಮ್ಮಿ ಪ್ಯಾರಾಚೂಟ್ ಹಿಡಿದು ಇಳಿದು ಬದುಕಿದರು. ಮಿಸ್ಟೇರ್ ಪಾಕಿಸ್ತಾನದ ಹೊಲಗಳಲ್ಲಿ ಬಿತ್ತು. ದೇಹವನ್ನು ಹಳ್ಳಿಯವರೇ ಅಲ್ಲಿ ಮಣ್ಣು ಮಾಡಿದರೆಂಬ ಮಾತು ಎಷ್ಟೋ ಕಾಲದ ಮೇಲೆ ಇಲ್ಲಿಗೆ ತಲುಪಿತು.

ಅದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ವಿಮಾನ ಕಳೆದುಕೊಂಡು ಭಾರತದ ಸೆರೆಯಾಳಾದರು. ಕಂಡವನು ನಮ್ಮ ಕೈಯಲ್ಲೇ ಇದ್ದ, ಆಗಲೂ ಈ ಸಂಗತಿ ಹೊರಬರಲಿಲ್ಲ. ಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ 1965ರ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ. ಮಿಸ್ಟೇರ್ ಒಂದರ ಜೊತೆಗಿನ ಕಾದಾಟದಲ್ಲಿ ಸ್ಟಾರ್‌ಫೈಟರ್ ಬಿದ್ದ ವಿವರ ಅದರಲ್ಲಿತ್ತು. ಪೈಲಟ್ ಯಾರೆಂದು ಫ್ರಿಕರ್‌ಗೆ ತಿಳಿದಿರಲಿಲ್ಲ. ಆದಂಪುರದವರಿಗೆ ಲೆಕ್ಕ ಸಲೀಸು: ಆ ನಸುಕಿನ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ ಒಂದು.

ತನೇಜಾ ಸುಮ್ಮನೆ ಕೂರಲಿಲ್ಲ. ತಮ್ಮೊಡನೆ ಹಾರಿ ಬಾರದೆ ಉಳಿದವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಪ್ರಕಟವಾಯಿತು, ಸುಂದರಿ ದೇವಯ್ಯ ಸ್ವೀಕರಿಸಿದರು. ಯುದ್ಧ ನಡೆದದ್ದು 1965ರಲ್ಲಿ ಎಂಬುದನ್ನು ಮತ್ತೊಮ್ಮೆ ನೆನೆದರೆ ಎದೆ ಭಾರವಾಗುತ್ತದೆ.

ದೇವಯ್ಯನವರಿಗೆ ಒಂದು ವೀರಗಲ್ಲು ಕಡೆಯಬೇಕೆಂದಿದ್ದರೆ ನಮ್ಮ ಹಳೆಯ ಶಿಲ್ಪಿ ಕೆಳಗಿನ ಪಟ್ಟಿಕೆಯಲ್ಲಿ ಏನು ಮಾಡುತ್ತಿದ್ದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನ ರೂಢಿಯಲ್ಲಿ ವೀರನ ಆಕೃತಿ ದೊಡ್ಡದು, ಹಗೆಯದು ಚಿಕ್ಕದು. ಇಲ್ಲಿ ಮಿಸ್ಟೇರ್ ದೊಡ್ಡದಾಗಿ ಮೂತಿ ತಿರುಗಿಸಿ ನಿಲ್ಲುತ್ತಿತ್ತು, ಸ್ಟಾರ್‌ಫೈಟರ್ ಮೂಲೆಯಲ್ಲಿ ಬಾಗುತ್ತಿತ್ತು. ಆದರೆ ಬದುಕಿ ಇಳಿದ ಹಗೆಯನ್ನೂ ಕೆತ್ತದೆ ಬಿಡುವಂತಿರಲಿಲ್ಲ, ಏಕೆಂದರೆ ಈ ಕಲ್ಲಿಗೆ ಸಾಕ್ಷಿ ಅವನೇ. ಎದುರಾಳಿಯ ಬಾಯಿಂದ ಬಂದ ಮಾತಿಗಿಂತ ಗಟ್ಟಿಯಾದ ಬಿರುದು ಯೋಧನಿಗೆ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ.

ಕೊಡಗಿನವರಿಗೆ ಹಿರಿಯರನ್ನು ನೆನೆಯುವ ತಮ್ಮದೇ ಕ್ರಮವಿದೆ. ಐನ್‌ಮನೆಯ ಹತ್ತಿರ ಕೈಮಡ, ಅಲ್ಲಿ ಕುಲದ ಕಾರಣವನಿಗೆ ದೀಪ, ಎಡೆ. ಊರು ನೆನೆಯುವುದು ಬೇರೆ ರೀತಿ: ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. 2025ರ ಜನವರಿಯಲ್ಲಿ ಈ ಕಥೆಯ ಎಳೆ ಹಿಡಿದು ಸ್ಕೈ ಫೋರ್ಸ್ ಎಂಬ ಹಿಂದಿ ಸಿನಿಮಾ ಬಂತು. ಅದರಲ್ಲಿ ನಾಯಕನಿಗೆ ಬೇರೆ ಹೆಸರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ತೆರೆಯಿತು. ತ್ಯಾಗ ಚಕ್ರದ ಗೋಡೆಗಳ ಕಲ್ಲಿನಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿಗೆ ಹೋಗುವ ಕನ್ನಡಿಗರು ತಮ್ಮ ಜಿಲ್ಲೆಯ ಹೆಸರುಗಳನ್ನು ಹುಡುಕಿ ಕಲ್ಲಿನ ಮೇಲೆ ಕೈಯಾಡಿಸಿ ಬರಲಿ. ಅಷ್ಟು ಹೆಸರುಗಳ ನಡುವೆ ಒಬ್ಬೊಬ್ಬರ ಕಥೆಗೆ ಜಾಗ ಇರಲಾರದು, ಅದು ಊರಿನ ಕೆಲಸ.

ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ, ಮಲೆನಾಡಿನಿಂದ ಕೆಲಸ ಹುಡುಕಿ ಹೋದ ನಮ್ಮ ಮಕ್ಕಳೂ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1961ರ ಜೂನ್ 17ರಂದು ನಮ್ಮದೇ ಮಾರುತ್ ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿದ ಪರೀಕ್ಷಾ ಪೈಲಟ್. 1970ರ ಜನವರಿ 10ರಂದು ಅದೇ ಮಾರುತ್‌ನ ಹೊಸ ಮಾದರಿಯೊಂದನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲೇ ಬಿದ್ದು ತೀರಿಕೊಂಡರು. ರಸ್ತೆಯ ಫಲಕದಲ್ಲಿ ಹೆಸರಷ್ಟೇ ಇದೆ. ಇನ್ನೆರಡು ಸಾಲು ಸೇರಿಸಿದ್ದರೆ ಬಸ್ಸಿಗೆ ಕಾಯುವ ಹುಡುಗನೊಬ್ಬ ಓದಿಕೊಳ್ಳುತ್ತಿದ್ದ.

2025ರ ಫೆಬ್ರವರಿಯಲ್ಲಿ ನಮ್ಮ ಸೀಮೆಗೂ ವಾಯುಪಡೆಯಿಂದ ಸಾವಿನ ಸುದ್ದಿ ಬಂತು. ಮಡಿದವರು ಹೊಸನಗರ ತಾಲ್ಲೂಕಿನವರು, ಪ್ಯಾರಾಚೂಟ್ ಜಿಗಿತ ಕಲಿಸುವ ಕೆಲಸ. ಜಿಗಿತದ ವೇಳೆ ಅವರದೇ ಪ್ಯಾರಾಚೂಟ್ ತೆರೆದುಕೊಳ್ಳಲಿಲ್ಲ. ಯುದ್ಧವಿಲ್ಲದ ದಿನದಲ್ಲಿ, ಬೇರೆಯವರನ್ನು ಯುದ್ಧಕ್ಕೆ ಅಣಿಗೊಳಿಸುತ್ತಾ ಹೋದ ಜೀವ ಅದು. ಹಳೆಯ ಕಾಲವಾಗಿದ್ದರೆ ಆ ಊರಿನ ಅರಳಿಕಟ್ಟೆಯ ಪಕ್ಕ ಕಲ್ಲು ನಿಲ್ಲುತ್ತಿತ್ತು, ಅದರಲ್ಲಿ ಆಕಾಶದಿಂದ ಇಳಿಯುವ ಮನುಷ್ಯನ ಆಕೃತಿಯೂ ಇರುತ್ತಿತ್ತು.

ವೀರಗಲ್ಲುಗಳನ್ನು ನೋಡಬಯಸುವವರು ಸಾಗರದ ಹತ್ತಿರದ ಕೆಳದಿಗೆ ಹೋಗಬಹುದು. ರಾಮೇಶ್ವರ ದೇವಸ್ಥಾನ ನೋಡಿಕೊಂಡು, ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ವಸ್ತುಸಂಗ್ರಹಾಲಯಕ್ಕೂ ಹೊಕ್ಕು ಬರಬೇಕು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲೂ ಹಲವು ಕಲ್ಲುಗಳನ್ನು ತಂದು ನಿಲ್ಲಿಸಿದ್ದಾರೆ. ನಿಮ್ಮ ತೋಟದಲ್ಲೇ ಒಂದಿದ್ದರೆ ತಂತಿಬ್ರಷ್ ಹಾಕಿ ಉಜ್ಜಬೇಡಿ, ಸುಣ್ಣ ಬಳಿಯಬೇಡಿ. ಅಕ್ಷರ ಅಳಿದರೆ ಆ ಮನುಷ್ಯ ಎರಡನೇ ಸಲ ಸತ್ತಂತೆ. ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಿ.

ಇನ್ನೊಂದು ಕೆಲಸ ಅವಸರದ್ದು. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಸೈನಿಕರಿಗೆ ಈಗ ಎಪ್ಪತ್ತೈದರ ಮೇಲೆ. ಜೊತೆಗಿದ್ದವನು ಎಲ್ಲಿ ಬಿದ್ದ, ಕೊನೆಯ ಮಾತು ಏನಾಡಿದ, ಯಾರು ಹೊತ್ತು ತಂದರು ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಾಜಿ ಸೈನಿಕರ ಮನೆಗಳಿಗೆ ಹೈಸ್ಕೂಲು, ಕಾಲೇಜಿನ ಮಕ್ಕಳು ಈ ದಸರೆ ರಜೆಯಲ್ಲಿ ನೋಟ್‌ಬುಕ್ ಹಿಡಿದು ಹೋಗಲಿ. ತಾರೀಕು, ಜಾಗ, ದಳದ ಹೆಸರು, ಕಂಡವರ ಹೆಸರು, ಇಷ್ಟನ್ನು ಮೊದಲು ಕೇಳಿ ಬರೆದುಕೊಳ್ಳಲಿ. ಉಳಿದದ್ದನ್ನು ಆ ಹಿರಿಯರೇ ಹೇಳುತ್ತಾರೆ.