‘ಗಂಡಸರು ಇರೋದೇ ಹಾಗೆ’ ಅಂದ ನೊಣ, ಮತ್ತು ಒಂದು ಲೆಕ್ಕದ ತಪ್ಪು

ಗಂಡಸು ಅಲೆದಾಡಿದರೆ ‘ಅದು ಅವನ ನೇಚರ್’, ಹೆಣ್ಣು ಅದನ್ನೇ ಮಾಡಿದರೆ ಮನೆತನದ ಮರ್ಯಾದೆ ಪ್ರಶ್ನೆ. ಈ ಮಾತನ್ನು ಕಟ್ಟೆ ಮೇಲೆ ಕೂತ ಹಿರಿಯರಷ್ಟೇ ಅಲ್ಲ, ಪಾಡ್‌ಕಾಸ್ಟ್ ಮಾಡೋ ಹುಡುಗರೂ ಹೇಳ್ತಾರೆ. ವ್ಯತ್ಯಾಸ ಇಷ್ಟೇ: ಇವರು ಕೊನೆಗೆ ‘ಇದು ಸೈನ್ಸ್’ ಅಂತ ಸೇರಿಸ್ತಾರೆ. ಸರಿ, ಯಾವ ಸೈನ್ಸ್? ಹುಡುಕುತ್ತಾ ಹೋದರೆ ಸಿಗುವುದು ಒಂದು ಗಾಜಿನ ಬಾಟಲಿ. ಅದರೊಳಗೆ, ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ ಅದೇ ಹಣ್ಣುನೊಣ.

1948ರಲ್ಲಿ ಬ್ರಿಟನ್ನಿನ ತಳಿವಿಜ್ಞಾನಿ ಆಂಗಸ್ ಬೇಟ್‌ಮನ್ ಒಂದೊಂದು ಬಾಟಲಿಗೆ ಕೆಲವು ಗಂಡು, ಕೆಲವು ಹೆಣ್ಣು ನೊಣಗಳನ್ನು ಬಿಟ್ಟರು. ಡಿಎನ್‌ಎ ಪರೀಕ್ಷೆ ಇಲ್ಲದ ಕಾಲ. ಹಾಗಾಗಿ ಮುದುರಿದ ರೆಕ್ಕೆ, ಚಿಕ್ಕ ಕಣ್ಣು ಹೀಗೆ ಪ್ರತಿ ನೊಣಕ್ಕೂ ಬೇರೆ ಬೇರೆ ಗುರುತಿರುವಂತೆ ಆರಿಸಿದರು. ಮರಿಯ ಮೈ ನೋಡಿ ಅಪ್ಪ-ಅಮ್ಮ ಯಾರೆಂದು ಲೆಕ್ಕ ಹಾಕುವುದು ಐಡಿಯಾ. ಅವರ ತೀರ್ಮಾನ: ಗಂಡು ಹೆಚ್ಚು ಹೆಣ್ಣುಗಳನ್ನು ಕೂಡಿದಷ್ಟೂ ಮರಿ ಹೆಚ್ಚು, ಹೆಣ್ಣಿಗೆ ಒಬ್ಬನ ನಂತರ ಹೇಳಿಕೊಳ್ಳುವಂಥ ಲಾಭವಿಲ್ಲ. 1972ರಲ್ಲಿ ರಾಬರ್ಟ್ ಟ್ರಿವರ್ಸ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಎತ್ತಿಕೊಂಡರು. ನೊಣದ ಲೆಕ್ಕ ಪಠ್ಯಪುಸ್ತಕ ಸೇರಿತು.

2012ರಲ್ಲಿ ಪ್ಯಾಟ್ರಿಶಿಯಾ ಗೊವಾಟಿ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಬಗ್ ಸಿಕ್ಕಿದ್ದು ಆಗ.

ಒಂದು ಗುರುತು ಮರಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಕಾಲುಭಾಗ ಮರಿಗಳಿಗೆ ಅಪ್ಪ-ಅಮ್ಮ ಇಬ್ಬರ ಗುರುತೂ ಬರಬೇಕು. ಯಾರು ಯಾರನ್ನು ಕೂಡಿದರು ಅಂತ ಖಚಿತವಾಗಿ ಹೇಳೋಕೆ ಆಗುವುದು ಈ ಮರಿಗಳಿಂದ ಮಾತ್ರ. ಆದರೆ ಎರಡೆರಡು ದೋಷ ಹೊತ್ತು ಹುಟ್ಟಿದವು ಎಷ್ಟೋ ಸಲ ಬೆಳೆಯುವ ಮೊದಲೇ ಸತ್ತುಹೋಗುತ್ತಿದ್ದವು. ಸಾಕ್ಷಿಯೇ ಸತ್ತರೆ ಕೇಸ್ ಏನಾಗುತ್ತೆ? ನಡೆದ ಮಿಲನಗಳು ನಡೆದೇ ಇಲ್ಲ ಎಂದು ದಾಖಲಾಗುತ್ತವೆ. ಇನ್ನೂ ಒಂದು ಎಡವಟ್ಟಿತ್ತು. ಪ್ರತಿ ಮರಿಗೂ ಅಪ್ಪ ಒಬ್ಬ, ಅಮ್ಮ ಒಬ್ಬಳು. ಎರಡೂ ಕಡೆಯ ಮೊತ್ತ ಸಮ ಇರಲೇಬೇಕು. ಬೇಟ್‌ಮನ್ ಲೆಕ್ಕದಲ್ಲಿ ಅಪ್ಪಂದಿರ ಖಾತೆಗೆ ಹೆಚ್ಚು ಮರಿಗಳು ಬಿದ್ದಿದ್ದವು! ನಮ್ಮ ಇಂಜಿನಿಯರಿಂಗ್ ಲ್ಯಾಬಿನಲ್ಲಿ ಇಂಥ ಟೇಬಲ್ ಬರೆದಿದ್ದರೆ ರೆಕಾರ್ಡ್ ಬುಕ್ ವಾಪಸ್ ಮುಖಕ್ಕೆ ಬರ್ತಿತ್ತು.

ಇಷ್ಟು ಸರಳ ತಪ್ಪು ದಶಕಗಳ ಕಾಲ ಹೇಗೆ ಉಳಿಯಿತು? ನನ್ನ ಅನುಮಾನ: ಉತ್ತರ ಎಲ್ಲರಿಗೂ ಮೊದಲೇ ಗೊತ್ತಿತ್ತು. ಬೇಕಾದ ಉತ್ತರ ಬಂದಾಗ ಲೆಕ್ಕ ತಿರುಗಿ ನೋಡುವವರು ಕಡಿಮೆ.

ಹಾಗಂತ ಬೇಟ್‌ಮನ್ ಹೇಳಿದ್ದೆಲ್ಲಾ ಸುಳ್ಳು ಅಂತ ಕುಣಿಯುವುದೂ ಬೇಡ. ಹಲವು ಜಾತಿಯ ಪ್ರಾಣಿಗಳ ಅಂಕಿಅಂಶ ಒಟ್ಟು ಮಾಡಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸಂಗಾತಿಗಾಗಿ ಪೈಪೋಟಿಯ ಒತ್ತಡ ಸರಾಸರಿಯಲ್ಲಿ ಗಂಡಿನ ಮೇಲೇ ಹೆಚ್ಚು ಎಂದಿತು. ಆದರೆ ಸರಾಸರಿ ಅನ್ನೋದು ಶಾಸನವಲ್ಲ. ಬ್ರೆಜಿಲ್‌ನ ಒಣ ಗುಹೆಗಳಲ್ಲಿ ನಿಯೋಟ್ರೋಗ್ಲಾ ಎಂಬ ಪುಟ್ಟ ಕೀಟವಿದೆ. ಅಲ್ಲಿ ಆಹಾರಕ್ಕೆ ತತ್ವಾರ; ಗಂಡು ವೀರ್ಯದ ಜೊತೆ ಪೋಷಕಾಂಶವನ್ನೂ ಕೊಡುತ್ತೆ ಎಂಬುದು ವಿಜ್ಞಾನಿಗಳ ಅಂದಾಜು. ಶಿಶ್ನದಂಥ ಅಂಗ ಇರುವುದು ಹೆಣ್ಣಿಗೆ! ಅದರಿಂದ ಗಂಡನ್ನು ಹಿಡಿದಿಟ್ಟು 40ರಿಂದ 70 ಗಂಟೆ ಕೂಡುತ್ತೆ. ಅಂದರೆ ಯಾರು ಬೆನ್ನು ಹತ್ತಬೇಕು, ಯಾರು ಆರಿಸಬೇಕು ಅನ್ನೋದನ್ನು ತೀರ್ಮಾನಿಸುವುದು ಬರೀ ಲಿಂಗವಲ್ಲ. ಅಪರೂಪದ ಸಂಪನ್ಮೂಲ ಯಾರ ಕೈಲಿದೆ ಅನ್ನೋದು. ರಾಜಕೀಯ ಗೊತ್ತಿರೋರಿಗೆ ಇದೇನೂ ಹೊಸದಲ್ಲ.

ಇನ್ನು ನೊಣ ಏನೇ ಮಾಡಲಿ, ನಾವು ಹೇಗೆ ಬದುಕಬೇಕು ಅಂತ ಅದು ಹೇಳಲಾರದು. ಮುಂದಿನ ಸಲ ಯಾರಾದರೂ ‘ಇದು ಸೈನ್ಸ್’ ಅಂದರೆ ಜಗಳ ಬೇಡ. ‘ಯಾವ ಪ್ರಯೋಗ? ಎಣಿಸಿದ್ದು ಹೇಗೆ?’ ಅಂತ ಕೇಳಿ, ಸಾಕು.