ಲೋಕಾಭಿಪ್ರಾಯವೂ ಬಲಾಢ್ಯ ರಾಷ್ಟ್ರದ ಹೆಸರೂ

ಮನುಷ್ಯನಿಗೆ ಊರಿನಲ್ಲಿ ಹೆಸರಿರುವಂತೆಯೇ ರಾಷ್ಟ್ರಕ್ಕೂ ಲೋಕದಲ್ಲಿ ಹೆಸರಿರುವದು. ಸೈನ್ಯ, ಧನ, ವಿದ್ಯೆಗಳಿಂದ ಬಲವು ಉಂಟಾಗುವದು ನಿಜ. ಆದರೆ ಪರರ ವಿಶ್ವಾಸವು ಬಲದಿಂದ ಸಂಪಾದಿಸತಕ್ಕ ವಸ್ತುವಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನವನ್ನು ಕುರಿತು ಇಂಡೊನೇಶಿಯದ ಜನರು ತಾಳಿದ ಅಭಿಪ್ರಾಯವೇ ಇದಕ್ಕೆ ಸಾಕ್ಷಿ.

ಒಂದು ದೇಶದ ಜನರ ಮನಸ್ಸನ್ನು ತಿಳಿಯುವದು ಹೇಗೆ? ಅನ್ನವು ಬೆಂದಿತೋ ಎಂದು ನೋಡಲು ಗೃಹಿಣಿಯು ಒಂದೆರಡು ಅಗುಳುಗಳನ್ನು ಹಿಸುಕುವಳಷ್ಟೆ. ಆದರೆ ಮೇಲಿನ ಅಗುಳು ಸಾಲದು, ತಳದಿಂದಲೂ ತೆಗೆಯಬೇಕು. ಅಂತೆಯೇ ಪಟ್ಟಣಿಗರು, ಹಳ್ಳಿಯವರು, ಸ್ತ್ರೀಯರು, ಪುರುಷರು, ಎಳೆಯರು, ಹಿರಿಯರು ಎಲ್ಲರಿಂದಲೂ ಪಕ್ಷಪಾತವಿಲ್ಲದೆ ಆರಿಸಿದ ಸುಮಾರು ಸಾವಿರ ಜನರನ್ನು ವಿಚಾರಿಸಿದರೆ ಕೋಟ್ಯಂತರ ಜನರ ಭಾವನೆಯು ಬಹುಮಟ್ಟಿಗೆ ಗೊತ್ತಾಗುವದು. ಅಮೇರಿಕೆಯ ಪ್ಯೂ ಸಂಶೋಧನಾ ಕೇಂದ್ರವು 2002ರಲ್ಲಿ 44 ದೇಶಗಳ 38,000 ಜನರನ್ನು ಈ ಬಗೆಯಾಗಿ ಪ್ರಶ್ನಿಸಿತು.

ಆ ವರುಷ ಇಂಡೊನೇಶಿಯದಲ್ಲಿ ನೂರಕ್ಕೆ 61 ಮಂದಿ ಅಮೇರಿಕೆಯ ವಿಷಯದಲ್ಲಿ ಸದಭಿಪ್ರಾಯವುಳ್ಳವರಾಗಿದ್ದರು. 2003ರ ಮಾರ್ಚಿಯಲ್ಲಿ ಅಮೇರಿಕೆಯು ಇರಾಕಿನ ಮೇಲೆ ದಂಡೆತ್ತಿ ಹೋಯಿತು. ಅನಂತರ ಅದೇ ವರುಷ ವಿಚಾರಿಸಲಾಗಿ ಸಂಖ್ಯೆಯು 15ಕ್ಕೆ ಕುಸಿದಿತ್ತು.

2004ರ ದಶಂಬರ 26ರಂದು ಸಮುದ್ರವು ಉಕ್ಕಿ ಬಂದು ಇಂಡೊನೇಶಿಯದ ಆಚೆ ಪ್ರಾಂತವನ್ನು ಹಾಳುಮಾಡಿತು. ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನರು ಪ್ರಾಣ ಕಳೆದುಕೊಂಡರು. ಆಗ ಯುದ್ಧಕ್ಕಾಗಿ ಕಟ್ಟಿದ ಅಮೇರಿಕೆಯ ಹಡಗು ಅಬ್ರಹಾಂ ಲಿಂಕನ್ ಆ ತೀರಕ್ಕೆ ಬಂದು, ತನ್ನ ಹೆಲಿಕಾಪ್ಟರುಗಳ ಮೂಲಕ ದಾರಿಯಿಲ್ಲದ ಹಳ್ಳಿಗಳಿಗೆ ಅನ್ನವನ್ನೂ ನೀರನ್ನೂ ಮುಟ್ಟಿಸಿತು. 2005ರಲ್ಲಿ ಸದಭಿಪ್ರಾಯವುಳ್ಳವರು ನೂರಕ್ಕೆ 38 ಆದರು. ಆದರೂ 2002ರ ಮಟ್ಟಕ್ಕೆ ಏರಲಿಲ್ಲ. 2007ರಲ್ಲಿ ಮತ್ತೆ 29ಕ್ಕೆ ಇಳಿಯಿತು. ಕೆಟ್ಟ ಹೆಸರು ಒಂದು ಋತುವಿನಲ್ಲಿ ಬಂದೀತು. ಒಳ್ಳೆಯ ಹೆಸರಿಗೆ ಒಂದು ಉಪಕಾರವು ಸಾಲದು.

ಬಹುಜನರ ಅಭಿಪ್ರಾಯವೇ ನ್ಯಾಯವೆಂದು ನಾನು ಹೇಳುವದಿಲ್ಲ. ಅದು ತೀರ್ಪಲ್ಲ, ಕನ್ನಡಿ. ಆದರೆ ಕನ್ನಡಿಯನ್ನು ನೋಡಲೊಲ್ಲದವರು ಮುಖದ ಮಸಿಯನ್ನು ಒರಸಿಕೊಳ್ಳಲಾರರು. ಇನ್ನೊಂದು ಎಚ್ಚರಿಕೆಯೂ ಬೇಕು: ಒಂದು ಸರಕಾರದ ಕೃತ್ಯವನ್ನು ಒಪ್ಪದಿರುವದು ಬೇರೆ, ಆ ದೇಶದ ಜನರನ್ನೇ ದ್ವೇಷಿಸುವದು ಬೇರೆ.

ನಮ್ಮ ಶಾಲೆಯ ಹೆಣ್ಣುಮಕ್ಕಳು ಸಮಾರ್ಯದವನ ಸಾಮ್ಯವನ್ನು ಬಲ್ಲರು. ತಿರಸ್ಕೃತವಾದ ಒಂದು ಜನಾಂಗದ ಹೆಸರು ದಯೆಗೆ ಇನ್ನೊಂದು ಹೆಸರಾದದ್ದು ಬಲದಿಂದಲ್ಲ, ದಾರಿಯಲ್ಲಿ ಬಿದ್ದವನ ಬಳಿಯಲ್ಲಿ ನಿಂತದ್ದರಿಂದ. ಪರದೇಶಕ್ಕೆ ಹೋಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ನೆನಪಿನಲ್ಲಿಡಲಿ. ಅಲ್ಲಿ ಅವರ ನಡತೆಯಲ್ಲಿಯೇ ನಮ್ಮ ನಾಡಿನ ಹೆಸರು ಇರುವದು.